ಬಾಗಿಲಿಗೊಂದು ಹಸಿರು

ಇಲ್ಲಿ ಅಮೆರಿಕದ ನಮ್ಮ ಕನ್ನಡ ಕಲಿ ತರಗತಿಯಲ್ಲಿ ಹೋದ ವಾರ ‘ನಮ್ಮ ಮನೆ’ ಎಂದು ಐದು ವಾಕ್ಯ ಬರೆಯಲು ಕೊಟ್ಟಿದ್ದರು. ಒಬ್ಬ ಹುಡುಗಿ ಬರೆದದ್ದು: “ನಮ್ಮ ಬೀದಿಯಲ್ಲಿ ಎಲ್ಲರ ಬಾಗಿಲಿಗೂ ನಿಜವಾದ ಎಲೆ ಇದೆ. ನಮ್ಮ ಬಾಗಿಲಿಗೆ ಪ್ಲಾಸ್ಟಿಕ್ ಎಲೆ ಇದೆ.” ಟೀಚರ್ ಒಂದು ಒತ್ತಕ್ಷರ ತಿದ್ದಿ ಸರಿ ಗುರುತು ಹಾಕಿದರಂತೆ. ಅದರಲ್ಲಿ ತಿದ್ದುವಂಥದ್ದು ಬೇರೇನೂ ಇರಲಿಲ್ಲ.

ಆ ಪ್ಲಾಸ್ಟಿಕ್ ಎಲೆಯ ತೋರಣ ನಮಗೆಲ್ಲ ಗೊತ್ತಿರುವುದೇ. ಚಿಕ್ಕಪೇಟೆಯಲ್ಲೋ ಗಾಂಧಿ ಬಜಾರಿನಲ್ಲೋ ಕೊಂಡು, ಸೂಟ್‌ಕೇಸಿನ ಮೂಲೆಗೆ ತುರುಕಿ ತಂದದ್ದು. ಗೃಹಪ್ರವೇಶಕ್ಕೆ ಕಟ್ಟಿದ ಮೇಲೆ ಕೈ ಹಚ್ಚಿದವರಿಲ್ಲ. ಹಸಿರು ಹೋಗಿ ಒಂಥರಾ ನೀಲಿಗೆ ತಿರುಗಿದೆ, ನಡುವಿನ ಚೆಂಡುಹೂವಿನಲ್ಲಿ ಜೇಡ ಸಂಸಾರ ಹೂಡಿದೆ. ಯುಗಾದಿಗೂ ಅದೇ, ದೀಪಾವಳಿಗೂ ಅದೇ, ಹಬ್ಬವಿಲ್ಲದ ಮಂಗಳವಾರಕ್ಕೂ ಅದೇ.

ತಿಪಟೂರಿನ ಹತ್ತಿರ ನಮ್ಮಜ್ಜಿಯ ಊರಲ್ಲಿ ಯುಗಾದಿಯ ಹಿಂದಿನ ಸಂಜೆ ಮಾವ ಕುಡುಗೋಲು ಹಿಡಿದು ತೋಟಕ್ಕೆ ಹೋದರೆ ಹುಡುಗರೆಲ್ಲ ಹಿಂದೆ. ಮಾವಿನ ಕೊಂಬೆ ಜಗುಲಿಗೆ ಬೀಳುತ್ತಿದ್ದ ಹಾಗೇ ಅದರಲ್ಲಿದ್ದ ಕೆಂಜಿಗವೂ ಜಗುಲಿ ತುಂಬ. ಕಚ್ಚಿಸಿಕೊಂಡೇ ಎಲೆ ಆರಿಸಬೇಕು. ಅಜ್ಜಿಯ ಕಾನೂನು ಬಿಗಿ. ತೂತು ಬಿದ್ದ ಎಲೆ ಮೇಕೆಗೆ. ತೀರಾ ಎಳೆಯದು ಬೇಡ, ಮಧ್ಯಾಹ್ನದ ಹೊತ್ತಿಗೆ ಸೊರಗಿ ನೇತಾಡುತ್ತದೆ. ನೆನೆಸಿಟ್ಟ ಬಾಳೆನಾರಿನ ಮೇಲೆ ತೊಟ್ಟನ್ನು ಹಿಂದಕ್ಕೆ ಮಡಿಸಿ ತೆಂಗಿನ ಕಡ್ಡಿ ಚುಚ್ಚಬೇಕು. ಕಡ್ಡಿ ಹೊಸ ಪೊರಕೆಯಿಂದ ಎಳೆದದ್ದಾಗಬೇಕು. ಗುಡಿಸುವ ಪೊರಕೆ ಮುಟ್ಟಿದರೆ ಅಡುಗೆಮನೆಯಿಂದಲೇ ಬೈಗುಳ. ಹೇಗೆ ಕಾಣುತ್ತಿತ್ತೋ ಅಷ್ಟು ದೂರದಿಂದ! ಎಲೆ ಲೆಕ್ಕ ಬೆಸವಾಗಿರಬೇಕು, ನಡುನಡುವೆ ಬೇವಿನ ಕುಚ್ಚು. ಮಾವ ಸ್ಟೂಲು ಹತ್ತಿ ಕಟ್ಟುವಾಗ ಸ್ಟೂಲಿನ ಕಾಲು ಸ್ವಲ್ಪ ಜರುಗಿದರೂ “ಏಯ್, ಹೊಸ್ತಿಲು!” ಎಂಬ ಕೂಗು. ಬಾಗಿಲವಾಡದ ಎರಡು ಮೊಳೆಗಳಲ್ಲಿ ಹಳೆಯ ನಾರಿನ ತುಂಡುಗಳು ಒಂದರ ಮೇಲೊಂದು ಸುತ್ತಿಕೊಂಡೇ ಇದ್ದವು. ಆ ತೋರಣವನ್ನು ಯಾರೂ ಮರುದಿನ ಬಿಚ್ಚುತ್ತಿರಲಿಲ್ಲ. ಮೊದಲು ಬೇವು ಉದುರುವುದು, ಆಮೇಲೆ ಮಾವಿನೆಲೆ ಅಂಚಿನಿಂದ ಕಂದಾಗಿ ಮುದುರಿ ಗಾಳಿಗೆ ಪರಪರ ಅನ್ನುವುದು. ಹಬ್ಬ ಮುಗಿದು ಎಷ್ಟು ದಿನವಾಯಿತೆಂದು ಬಾಗಿಲು ನೋಡಿಯೇ ಹೇಳಬಹುದಿತ್ತು. ಪ್ಲಾಸ್ಟಿಕ್ಕಿನ ಮೇಲೆ ನನಗಿರುವ ಸಿಟ್ಟು ಇದೇ, ಅದು ಒಣಗುವುದಿಲ್ಲ.

ಇಲ್ಲಿ ಮಾವಿನ ಮರವಿಲ್ಲ, ಒಪ್ಪಿದೆ. ಆದರೆ ನಾವಿರುವುದು ಆರೆಗನ್ನಿನಲ್ಲಿ. ಅಮೆರಿಕದಲ್ಲಿ ಅತಿ ಹೆಚ್ಚು ಕ್ರಿಸ್‌ಮಸ್ ಮರ ಬೆಳೆಯುವ ರಾಜ್ಯ ಇದು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯಿತೆಂದರೆ ಪಾರ್ಕಿಂಗ್ ಲಾಟುಗಳಲ್ಲಿ ಮರದ ಅಂಗಡಿಗಳು. ಮರ ಸ್ಟ್ಯಾಂಡಿನಲ್ಲಿ ಕೂರಲೆಂದು ಬುಡದ ಕೊಂಬೆ ಸವರಿ ರಾಶಿ ಹಾಕುತ್ತಾರಲ್ಲ, ಕೇಳಿದರೆ ಬಹಳ ಕಡೆ ಸುಮ್ಮನೆ ಕೊಡುತ್ತಾರೆ. ಮೌಂಟ್ ಹುಡ್ ಕಾಡಿಗೇ ಹೋಗುವ ಹುರುಪಿನವರಿಗೆ: ಮರ ಕಡಿಯಲು 5 ಡಾಲರಿನ ಪರ್ಮಿಟ್ ಬೇಕು, ನಾಲ್ಕನೇ ತರಗತಿಯ ಮಕ್ಕಳಿಗೆ ‘ಎವ್ರಿ ಕಿಡ್ ಔಟ್‌ಡೋರ್ಸ್’ ಪಾಸ್ ಇದ್ದರೆ ಪರ್ಮಿಟ್ ಪುಕ್ಕಟೆ. ಬರೀ ಕೊಂಬೆಗೆ ನಿಯಮ ಬೇರೆ, ರೇಂಜರ್ ಕಚೇರಿಯಲ್ಲಿ ಕೇಳದೆ ಕತ್ತರಿ ಹಾಕಬೇಡಿ.

ಆ ಕೊಂಬೆಗಳಿಂದ ಕಟ್ಟುವುದೇ ರೀತ್, ಕ್ರಿಸ್‌ಮಸ್‌ಗೆ ಇಲ್ಲಿಯವರು ಬಾಗಿಲಿಗೆ ತೂಗುಹಾಕುವ ಹಸಿರು ಬಳೆ. ಹೂ ಕಟ್ಟಲು ಬರುವವರಿಗೆ ಅದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಕ್ರಾಫ್ಟ್ ಅಂಗಡಿಯ ತಂತಿ ಬಳೆ ಆಗುತ್ತದೆ, ಇಸ್ತ್ರಿ ಅಂಗಡಿಯ ತಂತಿ ಹ್ಯಾಂಗರನ್ನು ದುಂಡಗೆ ಬಗ್ಗಿಸಿದರೂ ಆಗುತ್ತದೆ. ಗೇಣುದ್ದದ ನಾಲ್ಕೈದು ಕಡ್ಡಿ ಸೇರಿಸಿ ಒಂದು ಕುಚ್ಚು ಹಿಡಿಯಿರಿ. ಕ್ರಿಸ್‌ಮಸ್ ಮರದ ಜಾತಿಗಳಲ್ಲಿ ಡಗ್ಲಸ್ ಫರ್ ಮೆತ್ತಗೆ ಬಳುಕುತ್ತದೆ, ನೋಬಲ್ ಫರ್ ಗಡುಸು, ಎರಡೂ ಬೆರೆಸಿದರೆ ಚೆನ್ನ. ಕುಚ್ಚನ್ನು ಬಳೆಯ ಮೇಲಿಟ್ಟು ಸಣ್ಣ ತಂತಿಯಿಂದ ಮೂರು ಸುತ್ತು ಬಿಗಿಯಿರಿ, ತಂತಿ ಕತ್ತರಿಸಬೇಡಿ. ಮುಂದಿನ ಕುಚ್ಚು ಹಿಂದಿನದರ ಬುಡ ಮುಚ್ಚುವ ಹಾಗೆ, ಎಲ್ಲವೂ ಒಂದೇ ದಿಕ್ಕಿಗೆ. ಕೊನೆಯದರ ಬುಡವನ್ನು ಮೊದಲನೆಯದರ ಅಡಿಗೆ ತೂರಿಸಿ ಗಂಟು ಹಾಕಿದರೆ ಮುಗಿಯಿತು. ರಾಳ ಬೆರಳಿಗೆ ಅಂಟಿ ಸೋಪಿಗೆ ಜಗ್ಗುವುದಿಲ್ಲ. ಹಲಸಿನ ಹಣ್ಣು ಬಿಡಿಸಿದ ಕೈಗಳಿಗೆ ಮದ್ದು ಗೊತ್ತಿರಬೇಕು: ಕೊಬ್ಬರಿ ಎಣ್ಣೆ, ಮೊದಲೇ ಸವರಿಕೊಂಡರೆ ಇನ್ನೂ ವಾಸಿ.

ಅಲಂಕಾರಕ್ಕೆ ‘ಹಾಲಿ’ ಎಂಬ ಗಿಡದ ಕೆಂಪು ಹಣ್ಣು ಬೇಡ. ತಿಂದರೆ ಮಕ್ಕಳಿಗೂ ನಾಯಿಗೂ ಕೆಡುಕು. ನಮ್ಮ ಡಬ್ಬಿಗಳಲ್ಲಿ ಬ್ಯಾಡಗಿ ಮೆಣಸಿನಕಾಯಿ ಇರುವಾಗ ಬೇರೆ ಕೆಂಪು ಯಾತಕ್ಕೆ? ಸುಕ್ಕುಗಟ್ಟಿದ ಆ ಗಾಢ ಬಣ್ಣ ಫರ್ ಹಸಿರಿನ ಮೇಲೆ ಎದ್ದು ಕಾಣುತ್ತದೆ. ಹಾವೇರಿ ಜಿಲ್ಲೆಯವರು ಹೆಮ್ಮೆ ಪಡಬಹುದು. ನ್ಯೂ ಮೆಕ್ಸಿಕೋದವರು ಒಣಮೆಣಸಿನ ಸರವನ್ನೇ ಬಾಗಿಲ ಬದಿಗೆ ತೂಗುಬಿಡುತ್ತಾರೆ, ಹಾಗಾಗಿ ಅಪಚಾರವೇನಲ್ಲ. ಒಂದೇ ಎಚ್ಚರ, ನಮ್ಮ ಡಿಸೆಂಬರ್ ಮಳೆ ತಾಗದಂತೆ ಸೂರಿನಡಿ ಇರಲಿ, ಇಲ್ಲವಾದರೆ ಬೂಸಲು. ಚಕ್ರಮೊಗ್ಗು, ದಾಲ್ಚಿನ್ನಿ ಅವರವರ ಇಷ್ಟ. ಕಿತ್ತಳೆ ಬಿಲ್ಲೆ ಬೇಕೆನ್ನುವವರು ತೆಳ್ಳಗೆ ಹೆಚ್ಚಿ 200 ಡಿಗ್ರಿ ಫ್ಯಾರನ್‌ಹೀಟ್ ಅವನಿನಲ್ಲಿ ಮೂರು ನಾಲ್ಕು ಗಂಟೆ ಒಣಗಿಸಿ, ನಡುವೆ ಮಗುಚಿ.

“ಅದು ಅವರ ಹಬ್ಬದ್ದು, ನಮಗ್ಯಾಕೆ?” ಎಂದು ಕಮಿಟಿಯಲ್ಲಿ ಹಿರಿಯರೊಬ್ಬರು ಕೇಳಿದರು. ಕೇಳಬೇಕಾದದ್ದೇ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್ 1839ರಲ್ಲಿ, ಕ್ರಿಸ್‌ಮಸ್ ಯಾವಾಗ ಯಾವಾಗ ಎಂದು ಪೀಡಿಸುವ ಮಕ್ಕಳಿಗೆ ದಿನ ಎಣಿಸಲೆಂದು ಗಾಡಿಚಕ್ರದ ಮೇಲೆ ಮೇಣದಬತ್ತಿ ನಿಲ್ಲಿಸಿದನಂತೆ. ಅಡ್ವೆಂಟ್, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಕಾಯುವ ವಾರಗಳು, ಆ ಅಡ್ವೆಂಟ್ ಬಳೆಯ ಕತೆ ಅದು. ಹಸಿರು ಕೊಂಬೆ ಸುತ್ತಿದ್ದು ಆಮೇಲೆ. ಅದನ್ನು ಆಚರಿಸುವವರು ಗೌರವದಿಂದ ಆಚರಿಸಲಿ. ಬಾಗಿಲಿಗೆ ಹಸಿರು ಕಟ್ಟುವ ಆಸೆ ಮಾತ್ರ ಯಾವ ಒಂದು ಮತದ ಜಹಗೀರೂ ಅಲ್ಲ. ಕೆಂಪು ರಿಬ್ಬನ್ ಬೇಡವಾದರೆ ಬಿಡಿ, ಈ ಥಂಡಿಗೆ ಫರ್ ಸಂಕ್ರಾಂತಿಯವರೆಗೆ ನಿಲ್ಲುತ್ತದೆ. ನಿಲ್ಲದೆ ಉದುರಿದರೆ ನನಗಂತೂ ಸಂತೋಷವೇ.

ಪುಟ ತುಂಬುತ್ತಿದೆ, ಪ್ರಿಂಟಿಗೆ ಬೆಳಿಗ್ಗೆ ಕಳಿಸಬೇಕು, ಸೂಚನೆಗಳನ್ನು ಒಂದೇ ಉಸಿರಿಗೆ ಹೇಳುತ್ತೇನೆ. ರೀತ್ ಕಟ್ಟುವ ಕೂಟ ಡಿಸೆಂಬರ್ ಎರಡನೇ ಶನಿವಾರ ಮಧ್ಯಾಹ್ನ 2ಕ್ಕೆ, ಎಂದಿನ ಲೈಬ್ರರಿ ಹಾಲಿನಲ್ಲಿ. ತಂತಿ ನಮ್ಮದು, ಕೊಂಬೆ ಮತ್ತು ಮೆಣಸಿನಕಾಯಿ ನಿಮ್ಮದು. ಸಂಕ್ರಾಂತಿ ಪಾಟ್‌ಲಕ್ ಜನವರಿ ಮೂರನೇ ಶನಿವಾರ, ಅದರ ಹಿಂದಿನ ಸಂಜೆ ಎಳ್ಳು ಬೆಲ್ಲ ಬೆರೆಸಿ ಪೊಟ್ಟಣ ಕಟ್ಟಲು ಕೈ ಬೇಕು, ಕೊಬ್ಬರಿ ಹೆಚ್ಚಲು ಗಟ್ಟಿ ಕೈ ಬೇಕು. ಸಕ್ಕರೆ ಅಚ್ಚಿನ ಮರದ ಅಚ್ಚು ಇರುವವರು ದಯವಿಟ್ಟು ತಿಳಿಸಿ. ಸದಸ್ಯತ್ವ ನವೀಕರಣ ತಿಂಗಳ ಕೊನೆಯೊಳಗೆ. ಈ ಪತ್ರದ ಪುಟ ಜೋಡಿಸುತ್ತಿದ್ದವರು ಕೆಲಸ ಬದಲಾಗಿ ಆಸ್ಟಿನ್‌ಗೆ ಹೊರಟಿದ್ದಾರೆ. ಕನ್ನಡ ಟೈಪಿಂಗ್ ಬರುವ, ರಾತ್ರಿ ಫೋನ್ ಎತ್ತುವ ಒಬ್ಬರು ಸಿಗದಿದ್ದರೆ ಯುಗಾದಿ ಸಂಚಿಕೆ ಹೊರಡುವುದು ಅನುಮಾನ, ತಮಾಷೆಗೆ ಹೇಳುತ್ತಿಲ್ಲ. ಭಾನುವಾರದೊಳಗೆ ಹೆಸರು ಕೊಡಿ.

ಹಾಂ, ಶನಿವಾರಕ್ಕೆ ಗಿಡ ಕತ್ತರಿಸುವ ಕತ್ತರಿ ತನ್ನಿ. ಕಳೆದ ಗಣೇಶ ಹಬ್ಬದಲ್ಲಿ ಬಾಳೆಕಂದಿಗೆ ಬಳಸಿದ ಕತ್ತರಿ ಇನ್ನೂ ನನ್ನ ಗರಾಜಿನಲ್ಲಿದೆ, ಯಾರದೆಂದು ಹೇಳಿದರೆ ಅದನ್ನೂ ತರುತ್ತೇನೆ.