ಅದು ನೀರಿನ ಹಬೆ ಅಲ್ಲ, ಸಿಗರೇಟಿನ ಹೊಗೆಯೂ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಇ-ಸಿಗರೇಟ್ ಬಗ್ಗೆ ನಿಮ್ಮ ಓದುಗರ ಪುಟದಲ್ಲಿ ಬರ್ತಿರೋ ಪತ್ರಗಳನ್ನ ಓದ್ತಾ ಇದ್ದೀನಿ, ಒಬ್ರು ಅದು ಬರೀ ನೀರಿನ ಹಬೆ ಅದರಲ್ಲೇನಿದೆ ಅಂತಾರೆ, ಇನ್ನೊಬ್ರು ಸಿಗರೇಟಿಗಿಂತ ಹತ್ತು ಪಟ್ಟು ವಿಷ ಅಂತಾರೆ, ಇಬ್ಬರಿಗೂ ಅಷ್ಟೇ ಧೈರ್ಯ. ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡೋ ಮೇಷ್ಟ್ರು, ಹತ್ತೊಂಬತ್ತು ವರ್ಷ ಸಿಗರೇಟ್ ಸೇದಿದವನು ಕೂಡ, ಹಾಗಾಗಿ ಎರಡೂ ಕಡೆಯಿಂದ ಮಾತಾಡೋ ಯೋಗ್ಯತೆ ಸ್ವಲ್ಪ ಇದೆ ಅಂದ್ಕೊಂಡು ಬರೀತಿದ್ದೀನಿ.

ಹೋದ ವರ್ಷ ಒಬ್ಬ ಹುಡುಗನ ಜೇಬಿಂದ ಪೆನ್‌ಡ್ರೈವ್ ತರದ್ದೊಂದು ಕೆಳಗೆ ಬಿತ್ತು. ಎತ್ಕೊಂಡು ನೋಡಿದ್ರೆ ವೇಪ್, ಅಂದ್ರೆ ಇದೇ ಇ-ಸಿಗರೇಟ್. ಬೈಯೋಕೆ ಬಾಯಿ ತೆಗೆದೆ, ಅಷ್ಟರಲ್ಲಿ ಅವನೇ ಮೆಲ್ಲಗೆ ಕೇಳ್ದ, ಸರ್ ನೀವು ಸೇದೋದಕ್ಕಿಂತ ಇದು ಸೇಫ್ ಅಲ್ವಾ ಅಂತ. ನನ್ನ ಶರ್ಟಿಂದ ಆಗ ಸಿಗರೇಟ್ ವಾಸನೆ ಬರ್ತಿತ್ತು ಅನ್ನೋದು ನನಗೂ ಗೊತ್ತು ಅವನಿಗೂ ಗೊತ್ತು. ಅಧಿಕಪ್ರಸಂಗ ಮಾಡ್ಬೇಡ ಅಂತ ಗದರಿಸಿ ವಸ್ತು ಕಿತ್ಕೊಂಡು ಕಳಿಸಿದೆ. ಆದ್ರೆ ಪ್ರಶ್ನೆ ಸರಿಯಾಗೇ ಇತ್ತು, ಉತ್ತರ ನನ್ನ ಹತ್ರ ಇರ್ಲಿಲ್ಲ ಅಷ್ಟೇ.

ಮೊದಲು ಈ ಹಬೆ ಅನ್ನೋ ಮಾತು. ಇ-ಸಿಗರೇಟಿನಿಂದ ಬರೋದು ಹಬೆ ಅಲ್ಲ, ಗಾಳಿಯಲ್ಲಿ ತೇಲೋ ಸಣ್ಣ ಸಣ್ಣ ಹನಿಗಳು, ವಿಜ್ಞಾನದಲ್ಲಿ ಏರೋಸಾಲ್ ಅಂತೀವಿ. ಒಳಗಿರೋ ದ್ರವ ಅಂದ್ರೆ ಪ್ರೊಪಿಲೀನ್ ಗ್ಲೈಕಾಲ್ ಅನ್ನೋ ಬಣ್ಣವಿಲ್ಲದ ದ್ರಾವಕ, ಗ್ಲಿಸರಿನ್, ಪರಿಮಳ, ಬಹುಪಾಲು ಸಲ ಚಟ ಹತ್ತಿಸೋ ನಿಕೋಟಿನ್. ಬ್ಯಾಟರಿ ಒಂದು ಕಾಯಿಲನ್ನ, ಅಂದ್ರೆ ಲೋಹದ ಸುರುಳಿ ತಂತಿಯನ್ನ ಬಿಸಿ ಮಾಡುತ್ತೆ, ದ್ರವ ಆವಿಯಾಗಿ ತಣ್ಣಗಾಗ್ತಾ ಹನಿಯಾಗುತ್ತೆ, ಅದನ್ನ ಎಳ್ಕೊಳ್ತಾರೆ. ಕಾಯಿಲ್ ತೀರಾ ಬಿಸಿಯಾದ್ರೆ ಅಥವಾ ದ್ರವ ಮುಗಿದ್ಮೇಲೂ ಎಳೀತಾ ಇದ್ರೆ ಫಾರ್ಮಾಲ್ಡಿಹೈಡ್ ತರದ ವಿಷ ಹುಟ್ಟುತ್ತೆ, ಕಾಯಿಲಿನ ಲೋಹದ ಕಣಗಳೂ ಸ್ವಲ್ಪ ಜೊತೆಗೆ ಬರುತ್ತೆ. ಹೀಗಿರುವಾಗ ನೀರಿನ ಹಬೆ ಅನ್ನೋದು ಶುದ್ಧ ಸುಳ್ಳು, ಇದನ್ನ ಪ್ರೊಪಿಲೀನ್ ಗ್ಲೈಕಾಲ್ ಅಂದ್ರೇನು ಅಂತ ಕೇಳಿದ್ರೆ ಕಣ್ಣು ಕಣ್ಣು ಬಿಡೋರು ಹೇಳಿದಾಗಲಂತೂ ನನಗೆ ಮೈ ಉರಿಯುತ್ತೆ.

ಈಗ ಸಿಗರೇಟ್ ನೋಡಿ. ದಮ್ ಎಳೆಯುವಾಗ ಅದರ ತುದಿ ಸುಮಾರು 900 ಡಿಗ್ರಿಗೆ ಏರುತ್ತೆ. ಎಲೆ ಸುಡುತ್ತೆ, ಎಲ್ಲಾ ಗಲಾಟೆ ಅಲ್ಲೇ ಶುರು. ಆ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕ ಇವೆ, ಸುಮಾರು 70 ಕ್ಯಾನ್ಸರ್ ತರುವಂಥವು. ಜೊತೆಗೆ ಟಾರು ಅನ್ನೋ ಅಂಟಂಟು ಕಪ್ಪು ಜಿಡ್ಡು, ಜೊತೆಗೆ ರಕ್ತದಲ್ಲಿ ಆಮ್ಲಜನಕದ ಜಾಗ ಕಿತ್ಕೊಳ್ಳೋ ಕಾರ್ಬನ್ ಮಾನಾಕ್ಸೈಡ್. ಟಾರು, ಕಾರ್ಬನ್ ಮಾನಾಕ್ಸೈಡ್ ಎರಡೂ ಸುಡೋದ್ರಿಂದ ಬರೋವು, ಸುಡದೇ ಇರೋ ಇ-ಸಿಗರೇಟಲ್ಲಿ ಅವು ಇಲ್ಲ ಅನ್ನುವಷ್ಟು ಕಮ್ಮಿ. ಮೈಕಲ್ ರಸೆಲ್ ಅನ್ನೋ ಬ್ರಿಟಿಷ್ ಮನೋವೈದ್ಯರು 1976ರಲ್ಲೇ ಹೇಳಿದ್ರು, ಜನ ಸೇದೋದು ನಿಕೋಟಿನ್‌ಗೋಸ್ಕರ, ಸಾಯೋದು ಮಾತ್ರ ಟಾರಿನಿಂದ ಅಂತ. ಬಿಡದೇ ಸೇದೋರಲ್ಲಿ ಅರ್ಧದಷ್ಟು ಜನರವರೆಗೂ ತಂಬಾಕು ಕೊಲ್ಲುತ್ತೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಹೇಳಿದ ಹಾಗೇ ಬಳಸಿದ್ರೂ ಇಷ್ಟು ಜನರನ್ನ ಸಾಯಿಸೋ ಇನ್ನೊಂದು ಸಾಮಾನು ಅಂಗಡಿಯಲ್ಲಿ ಸಿಗೋದುಂಟಾ, ನನಗಂತೂ ಹೊಳೀತಿಲ್ಲ.

ಹಾಗಾಗಿ ಸಿಗರೇಟಿಗಿಂತ ವೇಪ್ ಕೆಟ್ಟದ್ದು ಅನ್ನೋರ ಮಾತೂ ನಿಲ್ಲಲ್ಲ. ಬಾಣಲೆಯಿಂದ ಬೆಂಕಿಗೆ ಬಿದ್ದ ಅಂತೀವಲ್ಲ, ಸೇದೋನು ಪೂರ್ತಿಯಾಗಿ ವೇಪಿಗೆ ಬಂದ್ರೆ ಅದು ಬೆಂಕಿಯಿಂದ ಬಾಣಲೆಗೆ ಹತ್ತಿದ ಹಾಗೆ. ಬಾಣಲೆಯೂ ಬಿಸಿನೇ ಕಣ್ರೀ, ಆದ್ರೂ ಬೆಂಕಿ ಬೆಂಕಿನೇ.

ಪೂರ್ತಿಯಾಗಿ ಅನ್ನೋ ಪದ ಸುಮ್ನೆ ಹಾಕಿಲ್ಲ. ತುಂಬಾ ಜನ ಮನೆಯೊಳಗೆ ವೇಪ್, ಹೊರಗೆ ಸಿಗರೇಟ್ ಅಂತ ಎರಡನ್ನೂ ಇಟ್ಕೊಂಡು ಕಮ್ಮಿ ಮಾಡಿದ್ದೀನಿ ಅಂತ ಸಮಾಧಾನ ಪಟ್ಕೊಳ್ತಾರೆ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ವಿಶ್ಲೇಷಣೆ ಪ್ರಕಾರ ದಿನಕ್ಕೆ 20 ಸೇದೋರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಏರುತ್ತೋ ಅದರ ಸುಮಾರು ಅರ್ಧದಷ್ಟು ದಿನಕ್ಕೆ ಒಂದೇ ಒಂದು ಸೇದೋರಿಗೂ ಏರುತ್ತೆ. ಇಪ್ಪತ್ತರಲ್ಲಿ ಒಂದು ಪಾಲು ಇರುತ್ತೆ ಅಂದ್ಕೊಂಡಿದ್ದೆ ನಾನು. ಓದಿದ ದಿನ ಲೆಕ್ಕದ ಮೇಷ್ಟ್ರಿಗೂ ತೋರಿಸಿದೆ, ಅವರೂ ಸೇದ್ತಾರೆ, ಪೇಪರ್ ಮಡಚಿ ವಾಪಸ್ ಕೊಟ್ರು.

ಇನ್ನು ಆ 95 ಪರ್ಸೆಂಟ್. ವೇಪ್ ಮಾರೋರ ಬಾಯಲ್ಲಿ ಸದಾ ಇರೋ ಸಂಖ್ಯೆ ಇದು, ಸಿಗರೇಟಿಗಿಂತ 95 ಪರ್ಸೆಂಟ್ ಕಮ್ಮಿ ಹಾನಿ ಅಂತ. ಇದನ್ನ 2015ರಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಅನ್ನೋ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ತನ್ನ ವರದಿಯಲ್ಲಿ ಹೇಳಿದ್ದು ನಿಜ. ಆದ್ರೆ ಯಾರೂ ಲ್ಯಾಬಲ್ಲಿ ಅಳೆದು ತಂದ ಸಂಖ್ಯೆ ಅಲ್ಲ ಅದು, ಅದರ ಹಿಂದಿನ ವರ್ಷ ಒಂದಿಷ್ಟು ತಜ್ಞರು ಕೂತು ಅಂದಾಜಲ್ಲಿ ಅಂಕ ಕೊಟ್ಟಿದ್ದು ಅದರ ಮೂಲ, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆ ಆಗಲೇ ಇದನ್ನ ಟೀಕಿಸಿ ಬರೀತು. ಅಂದಾಜಿನ ದಿಕ್ಕು ಸರಿ ಇರಬಹುದು, ನನಗೂ ಹಾಗೇ ಅನ್ಸುತ್ತೆ, ಆದ್ರೆ ಈ ಸಾಧನ ಮಾರ್ಕೆಟ್ಟಿಗೆ ಬಂದಿದ್ದೇ 2003-04ರ ಸುಮಾರಿಗೆ, ಚೀನಾದ ಹೊನ್ ಲಿಕ್ ಅನ್ನೋ ಫಾರ್ಮಸಿಸ್ಟ್ ಮಾಡಿದ್ದು. ಶ್ವಾಸಕೋಶದ ಕ್ಯಾನ್ಸರ್ ಬೆಳೆಯೋಕೆ ದಶಕಗಳೇ ಬೇಕು. ಸಿಗರೇಟಿಗೂ ಕ್ಯಾನ್ಸರಿಗೂ ನಂಟಿದೆ ಅಂತ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್, ಬ್ರ್ಯಾಡ್‌ಫರ್ಡ್ ಹಿಲ್ ಗಟ್ಟಿಯಾಗಿ ತೋರಿಸಿದ್ದು 1950ರಲ್ಲಿ, ಅಷ್ಟೊತ್ತಿಗೆ ಜನ ಅರ್ಧ ಶತಮಾನ ಸೇದಿ ಆಗಿತ್ತು. ಇಷ್ಟು ಬೇಗ ದಶಮಾಂಶದವರೆಗೂ ಲೆಕ್ಕ ಹೇಳೋರನ್ನ ಕಂಡ್ರೆ ನನಗೆ ಹಳೇ ಲೈಟ್ ಸಿಗರೇಟ್ ನೆನಪಾಗುತ್ತೆ. ಆ ಫಿಲ್ಟರಿನಲ್ಲಿ ಸಣ್ಣ ತೂತು, ಮೆಷಿನ್ನಿಗೆ ಸಿಕ್ಕಿಸಿ ಅಳೆದಾಗ ಗಾಳಿ ಬೆರೆತು ಟಾರ್ ಕಮ್ಮಿ ಬರ್ತಿತ್ತು, ಮನುಷ್ಯ ಸೇದುವಾಗ ತುಟಿ ಬೆರಳಲ್ಲಿ ಅದೇ ತೂತು ಮುಚ್ಚಿ ಇನ್ನೂ ಜೋರಾಗಿ ಎಳೀತಿದ್ದ. ಲೈಟ್, ಮೈಲ್ಡ್ ಅನ್ನೋ ಪದಗಳನ್ನ ಅಮೆರಿಕದಲ್ಲಿ ಪ್ಯಾಕೆಟ್ ಮೇಲಿಂದ ತೆಗೆಸಿದ್ದು 2010ರಲ್ಲಿ. ನಾನೂ ಲೈಟ್ ಸೇದಿದವನೇ, ಆರೋಗ್ಯದ ಕಾಳಜಿಯಿಂದ!

ಆದ್ರೆ ಬಿಡಬೇಕು ಅನ್ನೋರಿಗೆ ಇದು ಸಹಾಯ ಮಾಡುತ್ತೆ ಅನ್ನೋದಕ್ಕೆ ಆಧಾರ ಇದೆ, ಅದನ್ನ ಮುಚ್ಚಿಡೋದು ಸರಿಯಲ್ಲ. 2019ರಲ್ಲಿ ಇಂಗ್ಲೆಂಡಿನಲ್ಲಿ 886 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಒಂದು ವರ್ಷ ಆದ್ಮೇಲೆ ಇ-ಸಿಗರೇಟ್ ಗುಂಪಲ್ಲಿ 18 ಪರ್ಸೆಂಟ್ ಜನ ಸಿಗರೇಟ್ ಬಿಟ್ಟಿದ್ರು, ನಿಕೋಟಿನ್ ಇರೋ ಗಮ್ಮು (ಅಗಿಯೋದು), ಪ್ಯಾಚು (ಚರ್ಮಕ್ಕೆ ಅಂಟಿಸೋದು) ತರದ್ದು ಕೊಟ್ಟ ಗುಂಪಲ್ಲಿ 9.9 ಪರ್ಸೆಂಟ್. ಅದೇ ಪ್ರಯೋಗದ ಇನ್ನೊಂದು ಸಾಲನ್ನ ಯಾರೂ ಎತ್ತಲ್ಲ, ಹಾಗೆ ಬಿಟ್ಟವರಲ್ಲಿ ನೂರಕ್ಕೆ 80 ಜನ ವರ್ಷದ ಕೊನೆಗೂ ವೇಪ್ ಹಿಡ್ಕೊಂಡೇ ಇದ್ರು, ಗಮ್ಮಿನವರಲ್ಲಿ ಗಮ್ಮು ಪ್ಯಾಚು ಮುಂದುವರಿಸಿದವರು 9. ಅಂದ್ರೆ ಸಿಗರೇಟ್ ಹೋಯ್ತು, ನಿಕೋಟಿನ್ ಚಟ ಅಲ್ಲೇ ಇದೆ. ನಾನು ಗಮ್ಮಿನ ಕಡೆಯವನು, ಮೂರನೇ ಸಲದ ಪ್ರಯತ್ನದಲ್ಲಿ ಬಿಟ್ಟೆ, ಈಗ ಎಂಟು ತಿಂಗಳಾಯ್ತು.

ಮಕ್ಕಳ ವಿಷಯಕ್ಕೆ ಬಂದ್ರೆ ಈ ಹೋಲಿಕೆನೇ ತಲೆಕೆಳಗಾಗುತ್ತೆ. ನನಗೆ ವೇಪನ್ನ ಸಿಗರೇಟ್ ಜೊತೆ ಹೋಲಿಸಬೇಕು, ಆ ಹುಡುಗನಿಗೆ ಹೋಲಿಸಬೇಕಾದ್ದು ಬರೀ ಗಾಳಿ ಜೊತೆ, ಯಾಕಂದ್ರೆ ಅವನು ಮೊದಲು ಸೇದ್ತಾನೇ ಇರ್ಲಿಲ್ಲ. ನಿಕೋಟಿನ್ ಸಾಲ್ಟ್ ಅನ್ನೋದು ಬಂದ್ಮೇಲೆ ಗಂಟಲು ಉರಿಯೋದು ಕಮ್ಮಿಯಾಯ್ತು, ಜಾಸ್ತಿ ನಿಕೋಟಿನ್ ಕೂಡ ಸಲೀಸಾಗಿ ಒಳಗೆ ಹೋಗುತ್ತೆ, ಮೇಲೆ ಹಣ್ಣಿನ ಪರಿಮಳ ಬೇರೆ. ಅಮೆರಿಕದಲ್ಲಿ 2019ರ ಸಮೀಕ್ಷೆಯಲ್ಲಿ ಹೈಸ್ಕೂಲ್ ಮಕ್ಕಳಲ್ಲಿ ನೂರಕ್ಕೆ 27.5 ಜನ ಹಿಂದಿನ ಒಂದು ತಿಂಗಳೊಳಗೆ ವೇಪ್ ಎಳೆದಿದ್ರು. ಆಮೇಲೆ ಅಲ್ಲಿ ಕೊಳ್ಳೋ ವಯಸ್ಸನ್ನ 21ಕ್ಕೆ ಏರಿಸಿದ್ರು, ಪರಿಮಳದ ದ್ರವ ತುಂಬಿದ ಕಾರ್ಟ್ರಿಡ್ಜಿಗೆ ಕಡಿವಾಣ ಹಾಕಿದ್ರು. ನನ್ನ ಕೇಳಿದ್ರೆ ಚೂರು ತಡ ಆಯ್ತು.

ಕಾನೂನು ಮಾಡೋರು ಒಂದೊಂದು ದೇಶದಲ್ಲಿ ಒಂದೊಂದು ದಾರಿ ಹಿಡಿದಿದ್ದಾರೆ. ಯುರೋಪಿನ ಒಕ್ಕೂಟದಲ್ಲಿ ದ್ರವದಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಮೀರಂಗಿಲ್ಲ, ಟ್ಯಾಂಕ್ 2 ಮಿಲಿಲೀಟರ್ ಮೀರಂಗಿಲ್ಲ, ಬಾಟಲಿಯನ್ನ ಮಕ್ಕಳು ಬಿಚ್ಚೋಕಾಗದ ಹಾಗೆ ಮಾಡಬೇಕು (ಈ ದ್ರವ ಸ್ವಲ್ಪ ಕುಡಿದ್ರೂ ಪುಟ್ಟ ಮಕ್ಕಳ ಜೀವಕ್ಕೆ ಅಪಾಯ, ಇದನ್ನ ಯಾರೂ ಬರೆಯಲ್ಲ). ಬ್ರಿಟನ್ 2025ರ ಜೂನ್ 1ರಿಂದ ಒಂದ್ಸಲ ಬಳಸಿ ಎಸೆಯೋ ವೇಪ್ ಮಾರೋದನ್ನ ನಿಲ್ಲಿಸಿತು. ಆಸ್ಟ್ರೇಲಿಯಾದಲ್ಲಿ 2024ರ ಜುಲೈಯಿಂದ ಔಷಧಿ ಅಂಗಡಿಯಲ್ಲಿ ಮಾತ್ರ ಮಾರಬೇಕು. ಭಾರತ 2019ರಲ್ಲಿ ತಯಾರಿಕೆ, ಆಮದು, ಮಾರಾಟ, ಜಾಹೀರಾತು, ಸಂಗ್ರಹ ಎಲ್ಲಾನೂ ನಿಷೇಧ ಮಾಡ್ತು, ಸಿಂಗಾಪುರ, ಥಾಯ್ಲೆಂಡ್, ಬ್ರೆಜಿಲ್ ಕೂಡ ನಿಷೇಧದ ದಾರಿನೇ. ಈ ಯಾವ ದೇಶದಲ್ಲೂ ಸಿಗರೇಟ್ ನಿಷೇಧ ಆಗಿಲ್ಲ ನೋಡಿ. ಆನೆಗೆ ಹೆಬ್ಬಾಗಿಲು ತೆರೆದಿಟ್ಟು ಇಲಿ ಬಿಲ ಮುಚ್ಚಿದ ಹಾಗೆ.

ನನ್ನ ತಕರಾರು ಇಷ್ಟೇ. ವೇಪಿಗೆ ಕಟ್ಟುನಿಟ್ಟು ಬೇಡ ಅಂತಿಲ್ಲ, ಪರಿಮಳ ನಿಲ್ಲಿಸಿ, ನಿಕೋಟಿನ್‌ಗೆ ಮಿತಿ ಹಾಕಿ, ದ್ರವದಲ್ಲಿ ಏನೇನಿದೆ ಅಂತ ಬಾಟಲಿ ಮೇಲೆ ಬರೆಸಿ, ಮಕ್ಕಳಿಗೆ ಮಾರಿದ್ರೆ ಅಂಗಡಿ ಲೈಸೆನ್ಸ್ ಕಿತ್ಕೊಳ್ಳಿ. ಆದ್ರೆ ಯಾವುದಕ್ಕೆ ನಿಯಮ ಬಿಗಿ ಮಾಡಿದ್ರೂ ಸಿಗರೇಟಿಗೆ ಅದಕ್ಕಿಂತ ಒಂದು ಸುತ್ತು ಜಾಸ್ತಿ ಬಿಗಿ ಮಾಡಬೇಕು, ಜಾಸ್ತಿ ಕೊಲ್ಲೋದು ಅದು ತಾನೇ? ಪೂರ್ತಿ ನಿಷೇಧ ಮಾಡಿದ ಕಡೆ ವೇಪ್ ಮಾಯ ಆಗಿಲ್ಲ, ಕದ್ದು ಮಾರೋರ ಕೈಗೆ ಹೋಗಿದೆ, ಅಲ್ಲಿ ದ್ರವ ಪರೀಕ್ಷೆ ಮಾಡೋರು ಯಾರು, ವಯಸ್ಸು ಕೇಳೋರು ಯಾರು? ಆ ಹುಡುಗನ ಕೈಗೆ ಬಂದಿದ್ದೂ ಹಾಗೇ ಇರಬೇಕು.

ಕೊನೆಗೆ ಪತ್ರಿಕೆಯವರಿಗೇ ಒಂದು ವಿನಂತಿ. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರು ಇದ್ದಕ್ಕಿದ್ದ ಹಾಗೆ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದ್ರು, 2020ರ ಫೆಬ್ರವರಿ ಹೊತ್ತಿಗೆ 2807 ಜನ, ಸತ್ತವರು 68. ಹೆಡ್‌ಲೈನ್ ಎಲ್ಲಾ ಕಡೆ ದಪ್ಪಕ್ಷರದಲ್ಲಿ ಬಂತು. ಹೆಚ್ಚಿನ ಕೇಸುಗಳಲ್ಲಿ ಅವರು ಎಳೆದಿದ್ದು ಗಾಂಜಾದಲ್ಲಿ ಮತ್ತು ತರಿಸೋ ಟಿಎಚ್‌ಸಿ ಅನ್ನೋ ಅಂಶದ ಎಣ್ಣೆ, ಅದರಲ್ಲೂ ಕಳ್ಳಮಾಲು, ಮುಖ್ಯ ಕಾರಣ ಅದನ್ನ ಮಂದ ಮಾಡೋಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅಂತ ಆಮೇಲೆ ಗೊತ್ತಾಯ್ತು, ಅದು ಮಾತ್ರ ಎಷ್ಟು ಜನರಿಗೆ ತಲುಪ್ತೋ. ಇನ್ಮೇಲೆ ಇಂಥ ಸುದ್ದಿ ಬಂದಾಗ ವೇಪ್‌ನಿಂದ ಸಾವು ಅಂತ ನಿಲ್ಲಿಸ್ಬೇಡಿ, ಒಳಗೆ ಯಾವ ದ್ರವ ಇತ್ತು, ಎಲ್ಲಿಂದ ಬಂದಿತ್ತು ಅಂತ ಎರಡು ಸಾಲು ಸೇರಿಸಿ. ಆ ಹುಡುಗ ಪೇಪರ್ ಓದ್ತಾನೆ, ಈ ಪತ್ರ ನೀವು ಹಾಕಿದ್ರೆ ಅವನಿಗೆ ಒಂದು ವರ್ಷದಿಂದ ಬಾಕಿ ಇರೋ ಉತ್ತರ ತಲುಪಿದ ಹಾಗಾಗುತ್ತೆ, ಎದುರಿಗೆ ಕೂರಿಸ್ಕೊಂಡು ಹೇಳೋಕೆ ನನಗಿನ್ನೂ ಮುಖ ಇಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ವಿಜ್ಞಾನ ಮೇಷ್ಟ್ರು