ಜಿಆರ್‌ಇ: ಪದಪಟ್ಟಿಗಿಂತ ವಾಕ್ಯದ ಓದು ಮುಖ್ಯ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಎಂ.ಎಸ್. ಎಂಬ ಸ್ನಾತಕೋತ್ತರ ಪದವಿ ಓದುವ ಆಸೆಯಿಂದ, ಅದರ ಪ್ರವೇಶಕ್ಕಾಗಿ ಬರೆಯುವ ಜಿಆರ್‌ಇ ಪರೀಕ್ಷೆಗೆ ಸಿದ್ಧರಾಗುವ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಅನೇಕರು ಸಾವಿರಾರು ಇಂಗ್ಲಿಷ್ ಪದಗಳ ಪಟ್ಟಿಯನ್ನು ಇಂದಿಗೂ ಉರು ಹೊಡೆಯುತ್ತಿದ್ದಾರೆ. ಆ ಶ್ರಮಕ್ಕೆ ನೇರವಾಗಿ ಫಲ ಕೊಡುತ್ತಿದ್ದ ವಿರುದ್ಧಪದ ಮತ್ತು ಪದಸಂಬಂಧದ ಪ್ರಶ್ನೆಗಳನ್ನು 2011ರ ಆಗಸ್ಟ್‌ನಲ್ಲೇ ಕೈಬಿಡಲಾಗಿದ್ದು, ಈಗ ಪದಜ್ಞಾನವನ್ನು ವಾಕ್ಯದ ಒಳಗೇ ಪರೀಕ್ಷಿಸಲಾಗುತ್ತಿದೆ ಎಂಬುದನ್ನು ಕೆಲವು ತರಬೇತಿ ಕೇಂದ್ರಗಳು ಅವರಿಗೆ ಒತ್ತಿ ಹೇಳುತ್ತಿಲ್ಲ.

ಆರು ಆಯ್ಕೆಗಳಲ್ಲಿ, ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸಬೇಕಾದ ಪ್ರಶ್ನೆಯನ್ನೇ ನೋಡಿ. 'ಸದಾ ಮಿತಭಾಷಿಯಾದ ಆ ವಿಜ್ಞಾನಿ ಅಂದಿನ ಸಭೆಯಲ್ಲಿ ಮಾತ್ರ ಅಚ್ಚರಿಯಾಗುವಷ್ಟು ____ ಆಗಿದ್ದರು' ಎಂಬ ಅರ್ಥದ ವಾಕ್ಯವಿದೆ ಎಂದುಕೊಳ್ಳೋಣ. ಆಯ್ಕೆಗಳಲ್ಲಿ 'ಟ್ಯಾಸಿಟರ್ನ್', 'ರೆಟಿಸೆಂಟ್' ಎಂಬ ಸಮಾನಾರ್ಥಕ ಜೋಡಿ ಕಂಡೊಡನೆ, ಪಟ್ಟಿಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಅದನ್ನೇ ಗುರುತು ಮಾಡಿಬಿಡುವ ಅಪಾಯವಿದೆ. ಆದರೆ ಇವೆರಡೂ ಕಡಿಮೆ ಮಾತಾಡುವವರನ್ನು ಸೂಚಿಸುತ್ತವೆ. 'ಮಾತ್ರ', 'ಅಚ್ಚರಿಯಾಗುವಷ್ಟು' ಎಂಬ ಸುಳಿವುಗಳು ಬೇಡುವುದು 'ಗ್ಯಾರುಲಸ್', 'ಲೊಕ್ವೇಶಸ್' ಎಂಬ, ಅತಿಯಾಗಿ ಮಾತಾಡುವವರನ್ನು ಸೂಚಿಸುವ ಪದಗಳನ್ನು. ಆದ್ದರಿಂದ ಆಯ್ಕೆಗಳನ್ನು ಕೈಯಿಂದ ಮುಚ್ಚಿ ವಾಕ್ಯವನ್ನು ಪೂರ್ತಿ ಓದಿ, ಬಿಟ್ಟ ಸ್ಥಳಕ್ಕೆ ತಮ್ಮದೇ ಪದವೊಂದನ್ನು, ಅದು ಕನ್ನಡದ್ದಾದರೂ ಸರಿ, ಮನಸ್ಸಿನಲ್ಲಿ ಇಟ್ಟುಕೊಂಡ ನಂತರವೇ ಆಯ್ಕೆಗಳತ್ತ ಕಣ್ಣು ಹಾಯಿಸುವುದನ್ನು ವಿದ್ಯಾರ್ಥಿಗಳಿಗೆ ರೂಢಿ ಮಾಡಿಸಬೇಕು. ಎರಡು ಅಥವಾ ಮೂರು ಖಾಲಿ ಜಾಗಗಳಿರುವ ಪ್ರಶ್ನೆಗಳಲ್ಲಿ ಎಲ್ಲವೂ ಸರಿಯಾದರೆ ಮಾತ್ರ ಅಂಕ ಸಿಗುವುದರಿಂದ, ಮೊದಲ ಜಾಗಕ್ಕೇ ಅಂಟಿಕೊಳ್ಳದೆ ಸುಳಿವು ಸ್ಪಷ್ಟವಾಗಿರುವ ಜಾಗದಿಂದ ಆರಂಭಿಸುವುದು ಮೇಲು.

ಪರಿಚಿತ ಪದಗಳೂ ಕೆಲವೊಮ್ಮೆ ಅಪರಿಚಿತ ಅರ್ಥದಲ್ಲಿ ಬರುತ್ತವೆ. 'ಕ್ವಾಲಿಫೈ' ಎಂದರೆ ಅರ್ಹತೆ ಪಡೆಯುವುದು ಎಂದಷ್ಟೇ ತಿಳಿದವರಿಗೆ, ಒಂದು ಹೇಳಿಕೆಗೆ ಮಿತಿ ಹಾಕುವುದು ಎಂಬ ಅದರ ಇನ್ನೊಂದು ಅರ್ಥ ಹೊಳೆಯುವುದಿಲ್ಲ. ಪತ್ರಿಕೆಗಳ ಸಂಪಾದಕೀಯಗಳನ್ನೂ ವಿಜ್ಞಾನ ಲೇಖನಗಳನ್ನೂ ನಿತ್ಯ ಓದುವವರಿಗೆ ಇಂತಹ ಪ್ರಯೋಗಗಳು ತಾವಾಗಿಯೇ ಪರಿಚಯವಾಗುತ್ತವೆ.

ಬ್ಯಾಂಕ್ ನೇಮಕಾತಿ ಪರೀಕ್ಷೆಗಳಿಗೂ ಓದುತ್ತಿರುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಅಲ್ಲಿ ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಡಿತವಾಗುವುದರಿಂದ ಗೊತ್ತಿಲ್ಲದ ಪ್ರಶ್ನೆಯನ್ನು ಬಿಡುವುದು ಜಾಣತನ; ಜಿಆರ್‌ಇಯಲ್ಲಿ ಅಂತಹ ಕಡಿತವಿಲ್ಲದ ಕಾರಣ ಒಂದನ್ನೂ ಖಾಲಿ ಬಿಡಬಾರದು. 2023ರ ಸೆಪ್ಟೆಂಬರ್‌ನಿಂದ ಭಾಷಾ ವಿಭಾಗದ 27 ಪ್ರಶ್ನೆಗಳಿಗೆ ಸಿಗುವುದು 41 ನಿಮಿಷ ಮಾತ್ರವಾದ್ದರಿಂದ, ಒಂದೇ ಪದದ ಮೇಲೆ ಹೆಚ್ಚು ಹೊತ್ತು ಕೂರಲೂ ಆಗದು.

ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಎರಡು ಪೂರ್ಣ ಮಾದರಿ ಪರೀಕ್ಷೆಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಒದಗಿಸಿದೆ. ನಮ್ಮ ಕಾಲೇಜುಗಳು ತಮ್ಮ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಅವುಗಳನ್ನು ವಿದ್ಯಾರ್ಥಿಗಳಿಂದ ಬರೆಸಿ, ಪ್ರತಿಯೊಂದು ತಪ್ಪು ಉತ್ತರವನ್ನೂ ಇಂಗ್ಲಿಷ್ ಅಧ್ಯಾಪಕರು ಅವರೊಡನೆ ಕುಳಿತು ಚರ್ಚಿಸುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ. ದುಬಾರಿ ತರಬೇತಿಗೆ ಹಣ ಹೊಂದಿಸಲಾಗದ ಸಣ್ಣ ಊರುಗಳ ವಿದ್ಯಾರ್ಥಿಗಳಿಗೆ ಇದರಿಂದ ಹೆಚ್ಚು ಅನುಕೂಲವಾಗುತ್ತದೆ.

– ಇಂಗ್ಲಿಷ್ ಅಧ್ಯಾಪಕಿ, ದಾವಣಗೆರೆ