ಹಳೇ ಚರ್ಮ ಉಳಿಸಿಕೊಟ್ಟ ಮಡಿಕೇರಿಯ ಅಣ್ಣನಿಗೆ

ಹಳೇ ಮಾರಿಸ್ ಮೈನರ್ ಕಾರಿನ ಚರ್ಮದ ಸೀಟು ನೋಡಿ “ರೆಕ್ಸಿನ್ ಹಾಕಿಸಿಬಿಡಿ” ಎನ್ನದ ನಿಮಗೆ ಮನಸಾರೆ ಧನ್ಯವಾದ. ಕೊಡಗಿನ ಮಳೆಗಾಲದ ತೇವಕ್ಕೆ ಚರ್ಮಕ್ಕಿಂತ ಮೊದಲು ಸೋಲುವುದು ಹತ್ತಿಯ ಹೊಲಿಗೆ ನೂಲು ಎಂದಿರಿ, ನಿಜ. ಹೊಲಿಗೆ ಬಿಚ್ಚಿ, ಬೂಷ್ಟನ್ನು ಅಂಗಳದಲ್ಲಿ ಒರೆಸಿ, ನೆರಳಲ್ಲೇ ಒಣಗಿಸಿದಿರಿ. ಬಿಸಿಲಿಗಿಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ. ಹರಿದಲ್ಲಿ ಒಳಗಿನಿಂದ ಕ್ಯಾನ್ವಾಸ್ ತುಂಡು, ಸೀಳಿಗಿಂತ ಸುತ್ತಲೂ 2 ಸೆಂ.ಮೀ. ದೊಡ್ಡದು, ಒಣಗಿದ ಮೇಲೂ ಬಾಗುವ ಅಂಟಿನಲ್ಲಿ ಕೂರಿಸಿದಿರಿ. ಕಲ್ಲಿನಂತಾಗುವ ಅಂಟು ಹಾಕಿದ್ದರೆ ಪಕ್ಕದಲ್ಲೇ ಮತ್ತೆ ಸೀಳುತ್ತಿತ್ತು. ಪಾಲಿಯೆಸ್ಟರ್ ನೂಲನ್ನು ಹಳೇ ತೂತುಗಳಲ್ಲೇ ಒಂದೊಂದಾಗಿ ಕೈಯಿಂದ ದಾಟಿಸಿದ್ದಂತೂ ದೊಡ್ಡ ಉಪಕಾರ. ಮಷಿನ್ನಿಗೆ ಕೊಟ್ಟು ಹೊಸ ತೂತು ಬಿದ್ದಿದ್ದರೆ ಆ ಮುದಿ ಚರ್ಮ ಸಾಲಿನುದ್ದಕ್ಕೂ ಕಿತ್ತುಬರುತ್ತಿತ್ತು. ಸ್ಪ್ರಿಂಗ್ ಮೇಲೆ ಹೊಸ ಗೋಣಿತಟ್ಟೂ ಹಾಕಿದಿರಿ. ಹೆಸರು ಬರೆಯಬೇಡಿ ಎಂದಿರಿ, ಬರೆದಿಲ್ಲ ಅಣ್ಣಾ.